ಬಿಲದಿಂದ ಮನೆಗೆ ಬಂದ ಮೊಲದ ಮರಿ



ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಗೊತ್ತಿಲ್ಲದ ಕನ್ನಡಿಗರುಂಟೇ? ಊರು ಬಿಟ್ಟು ಮುಂಬೈಗೋ ಚೆನ್ನೈಗೋ ಬಂದು ಮೂವತ್ತು ವರ್ಷವಾದರೂ ಈ ಗಾದೆ ಮಾತ್ರ ನಮ್ಮನ್ನು ಬಿಟ್ಟಿಲ್ಲ. ಮನೆಯಲ್ಲಿ ಯಾರಾದರೂ ಹಟ ಹಿಡಿದರೆ ತಾನಾಗಿ ಬಾಯಿಗೆ ಬರುತ್ತದೆ. ಆದರೆ ನಮ್ಮಲ್ಲಿ ಎಷ್ಟು ಜನ ನಿಜವಾಗಿ ಒಂದು ಮೊಲವನ್ನು ಹಿಡಿದು ಅದರ ಕಾಲು ಎಣಿಸಿದ್ದೇವೆ ಹೇಳಿ!

ಈಗ ಹಿಡಿಯುವ ಕಾಲ ಬಂದಿದೆ. ಮಹಾನಗರದ ಫ್ಲ್ಯಾಟಿನಲ್ಲಿ ಬೆಳೆಯುವ ಮಕ್ಕಳು ಒಂದು ದಿನ ಬಂದು 'ಅಮ್ಮಾ, ಒಂದು ಮೊಲದ ಮರಿ ತರೋಣ' ಎನ್ನುತ್ತಾರೆ. ನೀವು ಯೋಚನೆ ಮಾಡುತ್ತೀರಿ. ನಾಯಿಯಂತೆ ಬೊಗಳುವುದಿಲ್ಲ, ಸೊಸೈಟಿಯವರ ತಕರಾರಿಲ್ಲ, ವಾಕಿಂಗ್ ಕರೆದೊಯ್ಯುವ ಕೆಲಸವಿಲ್ಲ, ಒಂದು ಕ್ಯಾರೆಟ್ ಹಾಕಿದರೆ ಆಯಿತು. ಸಂತೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಹತ್ತಿಯ ಉಂಡೆಗಳಂತೆ ಒತ್ತಿಕೊಂಡು ಕೂತ ಮರಿಗಳನ್ನು ಕಂಡರೆ ದೊಡ್ಡವರ ಮನಸ್ಸೂ ಕರಗುತ್ತದೆ.

ಹೂಂ ಎನ್ನುವ ಮೊದಲು ಸ್ವಲ್ಪ ಇತಿಹಾಸ ಕೇಳಿ. ಈ ಪುಟ್ಟ ಪ್ರಾಣಿ ಮನುಷ್ಯನ ಮನೆಗೆ ಬರುವುದಕ್ಕೆ ಎರಡು ಸಾವಿರ ವರ್ಷ ತೆಗೆದುಕೊಂಡಿದೆ. ಬಂದ ದಾರಿ ಗೊತ್ತಾದರೆ, ಮೇಲೆ ಹೇಳಿದ ಲೆಕ್ಕಾಚಾರದಲ್ಲಿ ಎಷ್ಟು ನಿಜ, ಎಷ್ಟು ಮೂರು ಕಾಲಿನ ವಾದ ಎಂಬುದೂ ಗೊತ್ತಾಗುತ್ತದೆ.

ನಮ್ಮ ಮೊಲ ಬೇರೆ, ಪೆಟ್ಟಿಗೆಯ ಮೊಲ ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ಮೊಲ ಎಂಬ ಒಂದೇ ಮಾತು ಎರಡು ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ಹಂಪಿಯ ಕಥೆ ನೆನಪಿದೆಯಲ್ಲ? ಹಕ್ಕ ಬುಕ್ಕರ ಬೇಟೆನಾಯಿಗಳನ್ನೇ ತಿರುಗಿ ಅಟ್ಟಿಸಿಕೊಂಡು ಹೋದ ಮೊಲ, ಅದನ್ನು ಕಂಡು ಅಲ್ಲೇ ರಾಜಧಾನಿ ಕಟ್ಟಿದರು ಎಂಬ ಐತಿಹ್ಯ. ಆ ಮೊಲ ನಮ್ಮ ಹೊಲ, ಕುರುಚಲು ಕಾಡುಗಳ ಮೊಲ. ಚಂದ್ರನಿಗೆ ಶಶಾಂಕ ಎಂಬ ಹೆಸರು ತಂದುಕೊಟ್ಟದ್ದೂ, 1031ರ ಸುಮಾರಿಗೆ ದುರ್ಗಸಿಂಹ ಕನ್ನಡದಲ್ಲಿ ಬರೆದ ಪಂಚತಂತ್ರದ ಪರಂಪರೆಯಲ್ಲಿ ಸಿಂಹವನ್ನು ಬಾವಿಗೆ ಬೀಳಿಸಿದ್ದೂ ಇದೇ ಬಳಗದ್ದು. ಇದು ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಅಡಗಿ ಕೂರುತ್ತದೆ. ಇದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಹುಟ್ಟಿದ ಕೆಲವೇ ಹೊತ್ತಿಗೆ ಓಡಾಡಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕಿರುವುದರಿಂದ ಹಿಡಿದು ತಂದು ಸಾಕುವಂತಿಲ್ಲ.

ಸಂತೆಯ ಪೆಟ್ಟಿಗೆಯಲ್ಲಿರುವುದು ಯುರೋಪಿನ ಮೊಲದ ಸಂತತಿ. ಅದರ ಮೂಲ ನೆಲೆ ಇಂದಿನ ಸ್ಪೇನ್, ಪೋರ್ಚುಗಲ್ ಮತ್ತು ಫ್ರಾನ್ಸಿನ ನೈಋತ್ಯ ಭಾಗ. ಅದು ಬಿಲವಾಸಿ, ಗುಂಪಿನಲ್ಲಿ ಬಾಳುವ ಪ್ರಾಣಿ. ಮರಿ ಹುಟ್ಟುವಾಗ ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ, ಕಿವಿಯೂ ಕೇಳಿಸದು. ಹತ್ತು ಹನ್ನೆರಡು ದಿನಕ್ಕೆ ಕಣ್ಣು ಬಿಡುತ್ತದೆ. ಅಂದರೆ ನಮ್ಮ ಹೊಲದ ಮೊಲದ ಮರಿ ಹುಟ್ಟಿನಿಂದಲೇ ಗಟ್ಟಿಗ. ಪೆಟ್ಟಿಗೆಯ ಮೊಲದ ಮರಿಗೆ ಬಿಲದ ಕತ್ತಲೆ, ತಾಯಿಯ ಎದೆಗೂದಲಿನ ಗೂಡು, ವಾರಗಟ್ಟಲೆ ಹಾಲು, ಇಷ್ಟೂ ಬೇಕು. ಈ ಒಂದು ವ್ಯತ್ಯಾಸವನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಇದೆ.

ರೋಮನ್ನರ ಔತಣದ ತಟ್ಟೆ

ರೋಮನ್ನರು ಸ್ಪೇನಿಗೆ ಬಂದಾಗ ಅಲ್ಲಿ ಕಂಡದ್ದು ಎಲ್ಲೆಲ್ಲೂ ಮೊಲ. ಚಕ್ರವರ್ತಿ ಹೇಡ್ರಿಯನ್ನನ ಕಾಲದ ನಾಣ್ಯಗಳಲ್ಲಿ ಸ್ಪೇನನ್ನು ಒಬ್ಬ ಹೆಂಗಸಿನ ರೂಪದಲ್ಲಿ ಚಿತ್ರಿಸಿ, ಅವಳ ಕಾಲ ಬಳಿ ಒಂದು ಮೊಲವನ್ನು ಕೂರಿಸಿದ್ದಾರೆ. ಅಷ್ಟು ಗುರುತು! ಬೇಸಾಯದ ಬಗ್ಗೆ ಬರೆದ ವಾರೋ ಎಂಬ ವಿದ್ವಾಂಸ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲೇ ಗೋಡೆ ಕಟ್ಟಿದ ಆವರಣದಲ್ಲಿ ಮೊಲಗಳನ್ನು ಇಡುವ ವಿಚಾರ ಹೇಳುತ್ತಾನೆ.

ಆದರೆ ಸಾಕಿದ್ದು ಮುದ್ದಿಗಲ್ಲ, ಊಟಕ್ಕೆ. ಪ್ಲಿನಿ ಎಂಬ ರೋಮನ್ ಲೇಖಕ ಇನ್ನೂ ಹುಟ್ಟದ ಅಥವಾ ಆಗಷ್ಟೇ ಹುಟ್ಟಿ ಹಾಲು ಕುಡಿಯುವ ಮರಿಗಳನ್ನು ರುಚಿಯ ಪದಾರ್ಥವೆಂದು ತಿನ್ನುತ್ತಿದ್ದುದನ್ನು ಬರೆದಿದ್ದಾನೆ. ಅದಕ್ಕೆ ಲಾರಿಸಿಸ್ ಎಂಬ ಪ್ರತ್ಯೇಕ ಹೆಸರೇ ಇತ್ತು. ಅದೇ ಪ್ಲಿನಿ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಬಲಿಯಾರಿಕ್ ದ್ವೀಪಗಳಲ್ಲಿ ಮೊಲಗಳು ಬೆಳೆಯನ್ನೆಲ್ಲ ಮುಗಿಸಿ ಬರ ತಂದಾಗ, ಅಲ್ಲಿನ ಜನ ಚಕ್ರವರ್ತಿ ಆಗಸ್ಟಸ್‌ಗೆ ಸೈನ್ಯ ಕಳಿಸಿ ಎಂದು ಮನವಿ ಮಾಡಿದರಂತೆ. ಮೊಲದ ಮೇಲೆ ಸೈನ್ಯ!

ಇದೇ ರೋಮನ್ನರ ಕಾಲದ ಒಂದು ಎಲುಬಿನ ಚೂರು ಬೇರೆಯೇ ಕಥೆ ಹೇಳುತ್ತದೆ. ಇಂಗ್ಲೆಂಡಿನ ಫಿಶ್‌ಬೋರ್ನ್ ಎಂಬಲ್ಲಿ ಒಂದು ರೋಮನ್ ಅರಮನೆಯ ಅವಶೇಷವಿದೆ. ಅಲ್ಲಿ 1964ರಲ್ಲಿ ಅಗೆದಾಗ ಸಿಕ್ಕ, ಸುಮಾರು 4 ಸೆಂಟಿಮೀಟರ್ ಉದ್ದದ ಕಾಲಿನ ಎಲುಬು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪೆಟ್ಟಿಗೆಯಲ್ಲೇ ಬಿದ್ದಿತ್ತು. 2017ರಲ್ಲಿ ಅದು ಮೊಲದ್ದೆಂದು ಗುರುತಾಯಿತು. 2019ರಲ್ಲಿ ಪರೀಕ್ಷೆಗಳ ಫಲ ಹೊರಬಂತು. ಕ್ರಿ.ಶ. ಒಂದನೆಯ ಶತಮಾನದ ಮೊಲ. ಎಲುಬಿನ ಮೇಲೆ ಕಡಿದ ಗುರುತಿಲ್ಲ. ಕೂಡಿಹಾಕಿ ಸಾಕಿದ ಪ್ರಾಣಿಯ ಲಕ್ಷಣವಿದೆ. ದೂರದ ಸ್ಪೇನ್ ಕಡೆಯಿಂದ ತರಿಸಿದ ಅಪರೂಪದ ಮುದ್ದಿನ ಪ್ರಾಣಿ ಆಗಿದ್ದಿರಬಹುದು ಎಂದು ತಜ್ಞರು ಊಹಿಸಿದ್ದಾರೆ. ತಟ್ಟೆಗಾಗಿ ಸಾಕುತ್ತಿದ್ದ ಕಾಲದಲ್ಲೂ ಯಾರೋ ಒಬ್ಬರು ಒಂದು ಮೊಲವನ್ನು ಸುಮ್ಮನೆ ನೋಡಿ ಸಂತೋಷಪಡಲು ಇಟ್ಟುಕೊಂಡಿದ್ದರೇನೋ.

ಪೋಪರು ಹೊರಡಿಸದ ಆಜ್ಞೆ

ಮೊಲ ಸಾಕುಪ್ರಾಣಿ ಆದದ್ದು ಯಾವಾಗ? ಇದಕ್ಕೆ ಪುಸ್ತಕಗಳಲ್ಲಿ ಬಹಳ ವರ್ಷ ಒಂದು ಸಿದ್ಧ ಉತ್ತರವಿತ್ತು. ಕ್ರಿ.ಶ. 600ರ ಸುಮಾರಿಗೆ ಪೋಪ್ ಒಂದನೆಯ ಗ್ರೆಗರಿ, ಮೊಲದ ಎಳೆ ಮರಿ ಮಾಂಸವಲ್ಲ, ಅದನ್ನು ಲೆಂಟ್ ಉಪವಾಸದಲ್ಲೂ ತಿನ್ನಬಹುದು ಎಂದು ಆಜ್ಞೆ ಹೊರಡಿಸಿದರು. ಕೂಡಲೇ ಫ್ರಾನ್ಸಿನ ಮಠಗಳ ಸನ್ಯಾಸಿಗಳು ಮೊಲ ಸಾಕಲು ಶುರುಮಾಡಿದರು. ಹಾಗೆ ಸಾಕು ಮೊಲ ಹುಟ್ಟಿತು. ಕಥೆ ಸೊಗಸಾಗಿದೆ, ಅಲ್ಲವೇ? ವಿಜ್ಞಾನಿಗಳೂ ಇದನ್ನು ಒಬ್ಬರಿಂದೊಬ್ಬರು ಎತ್ತಿ ಬರೆಯುತ್ತ ಬಂದರು.

2018ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಆ ಆಜ್ಞೆಯನ್ನು ಹುಡುಕಲು ಹೊರಟರು. ಎಷ್ಟು ಹುಡುಕಿದರೂ ಸಿಗಲಿಲ್ಲ. ಏಕೆಂದರೆ ಅಂಥ ಆಜ್ಞೆ ಇರಲೇ ಇಲ್ಲ! ಇದ್ದದ್ದು ಬೇರೆ ಗ್ರೆಗರಿ. ಫ್ರಾನ್ಸಿನ ತೂರ್ ನಗರದ ಬಿಷಪ್, ಆರನೆಯ ಶತಮಾನದ ಇತಿಹಾಸಕಾರ. ಆತ ತನ್ನ ಚರಿತ್ರೆಯಲ್ಲಿ ರೊಕ್ಕೊಲೆನ್ ಎಂಬ ದಂಡನಾಯಕನೊಬ್ಬ ಲೆಂಟ್ ದಿನಗಳಲ್ಲಿ ಮೊಲದ ಮರಿಗಳನ್ನು ತಿಂದ, ಆಮೇಲೆ ಕಾಯಿಲೆಯಿಂದ ಸತ್ತ ಎಂದು ಬರೆದಿದ್ದ. 20ನೆಯ ಶತಮಾನದ ಬರಹಗಳಲ್ಲಿ ಒಬ್ಬ ಗ್ರೆಗರಿ ಇನ್ನೊಬ್ಬ ಗ್ರೆಗರಿಯಾದರು, ಬಿಷಪ್ಪರ ಒಂದು ಸಾಲು ಪೋಪರ ಆಜ್ಞೆಯಾಯಿತು. ನೋಡಿ, ವಿದ್ವಾಂಸರು ಹಿಡಿದ ಮೊಲಕ್ಕೂ ಮೂರೇ ಕಾಲು.

ಹಾಗಾದರೆ ನಿಜವೇನು? ಇಂದಿನ ಸಾಕು ಮೊಲಗಳ ವಂಶವಾಹಿ ದಕ್ಷಿಣ ಫ್ರಾನ್ಸಿನ ಕಾಡುಮೊಲಗಳಿಗೆ ಹತ್ತಿರವಾಗಿದೆ. ಆದರೆ ಇಂಥ ವರ್ಷ, ಇಂಥ ಮಠದಲ್ಲಿ ಸಾಕು ಮೊಲ ಹುಟ್ಟಿತು ಎನ್ನುವಂಥ ಒಂದು ದಿನವಿಲ್ಲ. ಬೇಟೆ, ಬೇಲಿ, ಆವರಣ, ಪಂಜರ, ಮಡಿಲು ಹೀಗೆ ಮೆಲ್ಲಮೆಲ್ಲಗೆ ಹತ್ತಿರ ಬಂದ ಪ್ರಾಣಿ ಇದು ಎನ್ನುವುದು ಆ ಸಂಶೋಧಕರ ಮಾತು.

ದೇವಾಲಯಕ್ಕೆ ಬಂದ ಮೊಲ

ಇಂಗ್ಲೆಂಡಿನಲ್ಲಿ ಮೊಲ ನೆಲೆಯೂರಿದ್ದು ನಾರ್ಮನ್ನರು ಬಂದ ಮೇಲೆ, 12 ಮತ್ತು 13ನೆಯ ಶತಮಾನಗಳಲ್ಲಿ. ಆಗ ಅದು ಬಡವರ ಪ್ರಾಣಿಯಲ್ಲ. ಜಮೀನ್ದಾರರು, ಮಠಾಧಿಪತಿಗಳು ಮಣ್ಣಿನ ದಿಬ್ಬ ಕಟ್ಟಿ ಕಾವಲಿಟ್ಟು ಮೊಲ ಬೆಳೆಸುತ್ತಿದ್ದರು. ಅದನ್ನು ಹಿಡಿದ ರೈತನಿಗೆ ಶಿಕ್ಷೆ. ಈ ಸಿಟ್ಟು ಎಷ್ಟಿತ್ತೆಂದರೆ 1381ರ ರೈತರ ದಂಗೆಯಲ್ಲಿ ಸೇಂಟ್ ಆಲ್ಬನ್ಸ್ ಊರಿನ ಜನ ಮಠದ ಹಕ್ಕನ್ನು ಧಿಕ್ಕರಿಸಿ ಒಂದು ಜೀವಂತ ಮೊಲವನ್ನು ಹಿಡಿದು, ಅಪರಾಧಿಗಳನ್ನು ನಿಲ್ಲಿಸುವ ಕಂಬಕ್ಕೇ ಕಟ್ಟಿದರು.

ಆರು ವರ್ಷ ಬಿಟ್ಟು, 1387ರಲ್ಲಿ, ವಿಂಚೆಸ್ಟರಿನ ಬಿಷಪ್ ವಿಲಿಯಂ ಆಫ್ ವಿಕಮ್ ಒಂದು ಪತ್ರ ಬರೆಯುತ್ತಾರೆ. ರಾಮ್ಸಿ ಎಂಬಲ್ಲಿನ ಮಠದ ಸನ್ಯಾಸಿನಿಯರಿಗೆ ಬೈಗುಳ. ಏನು ತಪ್ಪು? ಪ್ರಾರ್ಥನೆಗೆ ಬರುವಾಗ ಹಕ್ಕಿ, ನಾಯಿಗಳ ಜತೆಗೆ ಮೊಲಗಳನ್ನೂ ಕರೆತರುತ್ತಾರೆ, ಮನಸ್ಸೆಲ್ಲ ಅವುಗಳ ಮೇಲೇ ಇರುತ್ತದೆ! ಮೊಲವನ್ನು ಮುದ್ದಿಗಾಗಿ ಸಾಕಿದ್ದಕ್ಕೆ ನಮಗೆ ಸಿಗುವ ಹಳೆಯ ದಾಖಲೆಗಳಲ್ಲಿ ಇದೊಂದು. ಸಂಸಾರ ಬಿಟ್ಟು ಮಠ ಸೇರಿದ ಹೆಂಗಸರ ಮಡಿಲಲ್ಲಿ ಒಂದು ಮೊಲ ಕೂತಿದ್ದ ಚಿತ್ರ ಕಣ್ಣಮುಂದೆ ಬರುತ್ತದೆ. ಮುಂದೆ 1530ರ ಹೊತ್ತಿಗೆ ಇಟಲಿಯ ಚಿತ್ರಕಾರ ಟಿಷಿಯನ್ ಬರೆದ, ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಮೇರಿಮಾತೆಯ ಕೈಯಡಿಯಲ್ಲೇ ಅಚ್ಚ ಬಿಳಿಯ ಮೊಲವಿದೆ.

ಇನ್ನೊಂದು ಸ್ವಾರಸ್ಯ. ಹಳೆಯ ಇಂಗ್ಲಿಷಿನಲ್ಲಿ ದೊಡ್ಡ ಮೊಲಕ್ಕೆ ಕೋನಿ ಎನ್ನುತ್ತಿದ್ದರು. ರ‍್ಯಾಬಿಟ್ ಎಂದರೆ ಅದರ ಮರಿ ಮಾತ್ರ. ಕಾಲಕ್ರಮದಲ್ಲಿ ದೊಡ್ಡದರ ಹೆಸರು ಮರೆಯಾಗಿ ಮರಿಯ ಹೆಸರೇ ಎಲ್ಲಕ್ಕೂ ನಿಂತಿತು.

ಕವಿಯ ಮನೆಯ ಮೂರು ಮರಿಗಳು

ಈಗ 1774ಕ್ಕೆ ಬನ್ನಿ. ಇಂಗ್ಲೆಂಡಿನ ಓಲ್ನಿ ಎಂಬ ಊರು. ವಿಲಿಯಂ ಕೂಪರ್ ಎಂಬ ಕವಿ ತೀವ್ರವಾದ ಮನೋವ್ಯಾಧಿಯಿಂದ ಬಳಲಿ ಚೇತರಿಸಿಕೊಳ್ಳುತ್ತಿದ್ದ ಕಾಲ. ಓದಲು ಮನಸ್ಸಿಲ್ಲ, ಜನರೊಡನೆ ಬೆರೆಯಲು ಆಗದು. ನೆರೆಮನೆಯ ಮಕ್ಕಳಿಗೆ ಯಾರೋ ಒಂದು ಮೊಲದ ಮರಿ ಕೊಟ್ಟಿದ್ದರು. ಅದು ಬಿಲದ ಮೊಲವಲ್ಲ, ನಮ್ಮ ಹೊಲದ ಮೊಲದ ಬಳಗದ್ದು. ಮಕ್ಕಳಿಗೆ ಅದನ್ನು ಕಾಡಿಸಲು ಬರುತ್ತಿತ್ತು, ಮೇಯಿಸಲು ಬರುತ್ತಿರಲಿಲ್ಲ. ಬೇಗ ಬೇಸರವೂ ಬಂತು. ದಿನೇದಿನೇ ಸೊರಗುತ್ತಿದ್ದ ಮರಿಯನ್ನು ನೋಡಲಾರದೆ ಅವರ ತಂದೆ ಕವಿಗೆ ತಂದುಕೊಟ್ಟ. ಇನ್ನೂರೈವತ್ತು ವರ್ಷದ ಹಿಂದಿನ ಮಾತು ಇದು. ಇಂದಿನ ಯಾವುದೋ ಅಪಾರ್ಟ್‌ಮೆಂಟಿನ ಸುದ್ದಿಯಂತೆ ಕೇಳಿಸುವುದಿಲ್ಲವೇ?

ಸುದ್ದಿ ಹರಡಿ ಊರವರೆಲ್ಲ ಮರಿ ತಂದುಕೊಡಲು ಬಂದರು. ಕೂಪರ್ ಮೂರನ್ನು ಇಟ್ಟುಕೊಂಡ. ಪುಸ್, ಟೈನಿ, ಬೆಸ್ ಎಂದು ಹೆಸರಿಟ್ಟ, ಅದರಲ್ಲಿ ಎರಡು ಹೆಣ್ಣು ಹೆಸರು. ಮೂರೂ ಗಂಡು! ತಾನೇ ಬಡಗಿಯಾಗಿ ಮೂರಕ್ಕೂ ಬೇರೆಬೇರೆ ಗೂಡು ಮಾಡಿದ. ಸಂಜೆ ಹಜಾರದ ಜಮಖಾನೆಯ ಮೇಲೆ ಅವುಗಳನ್ನು ಬಿಡುತ್ತಿದ್ದ. ಒಂದೇ ಕೈಯಲ್ಲಿ ಬೆಳೆದರೂ ಮೂರರ ಸ್ವಭಾವ ಮೂರು ಬಗೆ. ಪುಸ್ ತೊಡೆಯೇರಿ ಕೂರುತ್ತಿತ್ತು. ಕಾಯಿಲೆ ಬಿದ್ದಾಗ ಮೂರು ದಿನ ಆರೈಕೆ ಮಾಡಿದ ಕವಿಯ ಕೈಯನ್ನು ನೆಕ್ಕಿ ಉಪಕಾರ ತೋರಿತಂತೆ. ಟೈನಿ ಕೊನೆಯವರೆಗೂ ಮುಟ್ಟಿಸಿಕೊಳ್ಳಲಿಲ್ಲ. ಹತ್ತಿರ ಹೋದರೆ ಗುರುಗುಟ್ಟಿ ಮುಂಗಾಲಿನಿಂದ ಹೊಡೆಯುತ್ತಿತ್ತು. ಬೆಸ್ ಬೆಳೆದು ದೊಡ್ಡದಾದ ಸ್ವಲ್ಪ ಕಾಲಕ್ಕೇ ಸತ್ತಿತು. ಪುಸ್ ಮಾತ್ರ ಹನ್ನೊಂದು ವರ್ಷ ಹನ್ನೊಂದು ತಿಂಗಳು ಬಾಳಿತು.

1784ರಲ್ಲಿ ಕೂಪರ್ ಇದನ್ನೆಲ್ಲ ಜೆಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಗೆ ಬರೆದ. ಬೇಟೆಯ ಪ್ರಾಣಿಗೂ ಒಂದೊಂದಕ್ಕೆ ಒಂದೊಂದು ಮನಸ್ಸಿದೆ ಎಂದು ದಿನದಿನವೂ ನೋಡಿ ಬರೆದ ಬರಹ ಅದು. ಮುಳುಗುತ್ತಿದ್ದ ತನ್ನ ಮನಸ್ಸಿಗೂ ಆ ಮರಿಗಳ ಸಾಕಣೆಯೇ ಆಸರೆಯಾಯಿತು.

ಡಾರ್ವಿನ್ನರ ಅಳತೆ, ಪಾಟರ್ ಅವರ ಚಿತ್ರ

19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜನರಿಗೆ ಮೊಲದ ಗೀಳು ಹತ್ತಿತು. ಉದ್ದ ಕಿವಿಯ ಜೋಲುಮೊಲಗಳ ಪ್ರದರ್ಶನ, ಬಹುಮಾನ. ಮಕ್ಕಳಿಗೆ ಹಿತ್ತಲಲ್ಲಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಒಂದು ಮೊಲ. ಇದೇ ಕಾಲದಲ್ಲಿ ಚಾರ್ಲ್ಸ್ ಡಾರ್ವಿನ್ ಸಾಕು ಮೊಲ ಮತ್ತು ಕಾಡುಮೊಲಗಳ ತಲೆಬುರುಡೆಗಳನ್ನು ಕೂತು ಅಳೆದರು. 1868ರ ತಮ್ಮ ಗ್ರಂಥದಲ್ಲಿ, ಮೈಗೆ ಹೋಲಿಸಿದರೆ ಸಾಕು ಮೊಲದ ಮಿದುಳು ಚಿಕ್ಕದಾಗಿದೆ ಎಂದು ಬರೆದರು. ನೂರೈವತ್ತು ವರ್ಷದ ಮೇಲೆ, 2018ರಲ್ಲಿ, ಎಂಆರ್‌ಐ ಯಂತ್ರದಲ್ಲಿ ಮೊಲದ ಮಿದುಳನ್ನು ನೋಡಿದ ವಿಜ್ಞಾನಿಗಳು ಅದನ್ನೇ ಕಂಡರು. ಜತೆಗೆ ಇನ್ನೊಂದನ್ನೂ ಕಂಡರು. ಭಯವನ್ನು ಹುಟ್ಟಿಸುವ ಭಾಗ ಸಾಕು ಮೊಲದಲ್ಲಿ ಕುಗ್ಗಿದೆ, ಭಯವನ್ನು ಹತೋಟಿಯಲ್ಲಿಡುವ ಭಾಗ ಹಿಗ್ಗಿದೆ. ಭಯ ಕಡಿಮೆಯಾಗಿದೆ, ಹೋಗಿಲ್ಲ. ಮೇಲಿನಿಂದ ಚಾಚಿ ಬರುವ ಕೈ ಅದರ ಕಣ್ಣಿಗೆ ಇಂದಿಗೂ ಹದ್ದೇ.

ಮೊಲವನ್ನು ಪೆಟ್ಟಿಗೆಯಿಂದ ಮನೆಯೊಳಗೆ ತಂದು ಜಗತ್ತಿಗೆಲ್ಲ ಪರಿಚಯಿಸಿದವರು ಲಂಡನ್ನಿನ ಬಿಯಾಟ್ರಿಕ್ಸ್ ಪಾಟರ್. ಅವರು 1890ರ ಹೊತ್ತಿಗೆ ಬೆಂಜಮಿನ್ ಎಂಬ ಮೊಲವನ್ನು ಕಾಗದದ ಚೀಲದಲ್ಲಿಟ್ಟು ಗುಟ್ಟಾಗಿ ಮನೆಗೆ ತಂದರು. ಅದಕ್ಕೆ ಬೆಣ್ಣೆ ಸವರಿದ ಬಿಸಿ ಟೋಸ್ಟ್ ಎಂದರೆ ಪ್ರಾಣ. ಚಹಾದ ಗಂಟೆ ಕೇಳಿದರೆ ಹಜಾರಕ್ಕೆ ಓಡಿಬರುತ್ತಿತ್ತು. ಆಮೇಲೆ ನಾಲ್ಕೂವರೆ ಷಿಲ್ಲಿಂಗ್ ಕೊಟ್ಟು ಇನ್ನೊಂದು ಎಳೆ ಮರಿ ಕೊಂಡರು, ಅದೇ ಪೀಟರ್. 1893ರ ಸೆಪ್ಟೆಂಬರ್ 4ರಂದು, ಕಾಯಿಲೆ ಮಲಗಿದ್ದ ನೋಯೆಲ್ ಮೂರ್ ಎಂಬ ಪುಟ್ಟ ಹುಡುಗನಿಗೆ ಪಾಟರ್ ಚಿತ್ರ ಬರೆದು ಒಂದು ಕಾಗದ ಕಳಿಸಿದರು. ಅದರಲ್ಲಿದ್ದ ಕಥೆ 1902ರಲ್ಲಿ ಪುಸ್ತಕವಾಗಿ ಲೋಕಪ್ರಸಿದ್ಧವಾಯಿತು. ನಿಜವಾದ ಪೀಟರ್ ಅದನ್ನು ನೋಡಲಿಲ್ಲ. 1901ರಲ್ಲೇ, ಒಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡಿತ್ತು. ಅಂದಿನಿಂದ ನೀಲಿ ಕೋಟು ತೊಟ್ಟ ಮೊಲವನ್ನು ನೋಡಿ ಬೆಳೆದ ಮಕ್ಕಳಿಗೆಲ್ಲ ಮೊಲದ ಮರಿ ಬೇಕು ಎನಿಸಿತು.

ಬೇಕು ಎನ್ನುವುದು ಹುಚ್ಚಾದಾಗ

ಆಸೆ ಮಿತಿ ಮೀರಿದರೆ ಏನಾಗುತ್ತದೆ? ಎರಡು ಉದಾಹರಣೆ ನೋಡಿ. ಜಪಾನಿನಲ್ಲಿ 1872-73ರಲ್ಲಿ ವಿದೇಶಿ ಮೊಲಗಳ ಹುಚ್ಚು ಹಿಡಿಯಿತು. ಬಣ್ಣದ ಚುಕ್ಕೆಯ ಒಂದು ಮೊಲಕ್ಕೆ ನೂರಾರು ಯೆನ್ ಕೊಟ್ಟವರಿದ್ದರು. ಕೊನೆಗೆ ಟೋಕಿಯೋ ಸರ್ಕಾರ 1873ರ ಡಿಸೆಂಬರಿನಲ್ಲಿ ಮೊಲವೊಂದಕ್ಕೆ ತಿಂಗಳಿಗೆ ಒಂದು ಯೆನ್ ತೆರಿಗೆ ಹಾಕಿತು. ಬೆಲೆ ಕುಸಿಯಿತು. ನಿನ್ನೆ ಮುದ್ದಾಗಿದ್ದ ಮೊಲ ಇಂದು ಯಾರಿಗೂ ಬೇಡವಾಯಿತು.

ಆಸ್ಟ್ರೇಲಿಯಾದ ಕಥೆ ಇನ್ನೂ ದೊಡ್ಡದು. ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ 24 ಮೊಲ ತರಿಸಿಕೊಂಡ. 1859ರ ಕ್ರಿಸ್‌ಮಸ್ ದಿನ ಅವು ಮೆಲ್ಬರ್ನ್ ತಲುಪಿದವು. ಐವತ್ತು ವರ್ಷದಲ್ಲಿ ಅವುಗಳ ಸಂತತಿ ಖಂಡವನ್ನೇ ಆವರಿಸಿತು. 1901ರಿಂದ 1907ರವರೆಗೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮೊಲ ತಡೆಯಲು ಸಾವಿರಾರು ಕಿಲೋಮೀಟರ್ ಬೇಲಿ ಹಾಕಿದರು. 1950ರಲ್ಲಿ ರೋಗಾಣುವನ್ನೇ ಬಿಟ್ಟರು. ಆ ದೇಶದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಇಂದಿಗೂ ಮನೆಯಲ್ಲಿ ಮುದ್ದಿಗಾಗಿ ಮೊಲ ಸಾಕುವುದು ಕಾನೂನಿಗೆ ವಿರುದ್ಧ.

ಹಿತ್ತಲಿನಿಂದ ಹಜಾರಕ್ಕೆ

ಎರಡನೆಯ ಮಹಾಯುದ್ಧ ಬಂತು. ಬ್ರಿಟನ್ನಿನಲ್ಲಿ 1940ರಿಂದ ಮಾಂಸಕ್ಕೂ ರೇಷನ್. ಮೊಲಕ್ಕೆ ಮಾತ್ರ ರೇಷನ್ ಇರಲಿಲ್ಲ. ಊರೂರಿಗೆ ಮೊಲ ಸಾಕುವ ಕ್ಲಬ್ಬುಗಳು ಎದ್ದವು, ಸದಸ್ಯರಿಗೆ ತೌಡಿನ ಪಾಲು ಸಿಗುತ್ತಿತ್ತು. ಹಿತ್ತಲಿನ ಪೆಟ್ಟಿಗೆಯಲ್ಲಿದ್ದ, ಮಕ್ಕಳು ಹೆಸರಿಟ್ಟು ಕರೆದ ಮೊಲ ಒಂದು ದಿನ ಊಟಕ್ಕೆ ಬಂತು. ಮುದ್ದು ಮತ್ತು ಊಟದ ನಡುವೆ ಮೊಲ ಅಷ್ಟು ಕಾಲ ನಿಂತಿತ್ತು.

ಈ ಗೆರೆ ದಾಟಿದ್ದು ಇತ್ತೀಚೆಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮ್ಯಾರಿನೆಲ್ ಹ್ಯಾರಿಮನ್ 1985ರಲ್ಲಿ ಒಂದು ಕೈಪಿಡಿ ಬರೆದರು. ಮೊಲವನ್ನು ಹಿತ್ತಲ ಪಂಜರದಲ್ಲಿ ಒಂಟಿಯಾಗಿ ಇಡಬೇಡಿ, ಬೆಕ್ಕಿನಂತೆ ಮನೆಯೊಳಗೆ ಬಿಟ್ಟು ಸಾಕಿ, ಒಂದು ತಟ್ಟೆಯಲ್ಲೇ ಗಲೀಜು ಮಾಡಲು ಕಲಿಸಬಹುದು ಎಂಬುದು ಅದರ ಸಾರ. 1988ರಲ್ಲಿ ಹೌಸ್ ರ‍್ಯಾಬಿಟ್ ಸೊಸೈಟಿ ಹುಟ್ಟಿತು. ಈಸ್ಟರ್ ಹಬ್ಬಕ್ಕೆ ಉಡುಗೊರೆಯಾಗಿ ಕೊಂಡು, ಹಬ್ಬ ಮುಗಿದ ಮೇಲೆ ಬಿಟ್ಟುಬಿಟ್ಟ ಮೊಲಗಳಿಗೆ ಮನೆ ಹುಡುಕುವುದು ಇಂಥ ಸಂಘಗಳ ಮುಖ್ಯ ಕೆಲಸಗಳಲ್ಲಿ ಒಂದಾಯಿತು.

ನಮ್ಮ ದೇಶದಲ್ಲಿ ಯುರೋಪಿನ ಮೊಲ ಮುಖ್ಯವಾಗಿ ಬೆಳೆದದ್ದು ಉಣ್ಣೆ ಮತ್ತು ಮಾಂಸದ ಲೆಕ್ಕದಲ್ಲಿ. ರಾಜಸ್ಥಾನದ ಅವಿಕಾನಗರದಲ್ಲಿ 1962ರಲ್ಲಿ ಆರಂಭವಾದ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಮೊಲದ ಮೇಲೂ ಕೆಲಸ ಮಾಡುತ್ತದೆ. ಅದರ ಕೇಂದ್ರಗಳು ಹಿಮಾಚಲದ ಕುಲು ಕಣಿವೆಯ ಗಡ್ಸಾದಲ್ಲೂ ಕೊಡೈಕೆನಾಲ್ ಬಳಿಯ ಮನ್ನವನೂರಿನಲ್ಲೂ ಇವೆ. ಕೊಡೈಕೆನಾಲ್ ಪ್ರವಾಸಕ್ಕೆ ಹೋದ ಚೆನ್ನೈ ಕೇಳುಗರು ನೋಡಿರಬಹುದು. ಎರಡೂ ತಂಪು ಜಾಗಗಳು ಎಂಬುದನ್ನು ಗಮನಿಸಿ.

ಇತಿಹಾಸ ಮನೆಗೆ ಬಂದರೆ

ಈಗ ಮತ್ತೆ ನಿಮ್ಮ ಫ್ಲ್ಯಾಟಿಗೆ ಬರೋಣ. ಮೇಲಿನ ಕಥೆಯಿಂದ ನಮಗೆ ಏನು ತಿಳಿಯಿತು?

ಮೊದಲನೆಯದು ವಯಸ್ಸು. ಬಿಲದಲ್ಲಿ ತಾಯಿ ಮೊಲ ದಿನಕ್ಕೆ ಒಂದೋ ಎರಡೋ ಸಲ, ನಾಲ್ಕೈದು ನಿಮಿಷ ಮಾತ್ರ ಬಂದು ಹಾಲುಣಿಸಿ ಹೋಗುತ್ತದೆ. ಪದೇಪದೇ ಹೋದರೆ ಬೇಟೆಯ ಪ್ರಾಣಿಗೆ ಗೂಡು ತಿಳಿದುಬಿಡುತ್ತದೆ ಎಂಬ ಜಾಣತನ ಅದು. ಇದು ಗೊತ್ತಿಲ್ಲದವರು ತಾಯಿ ಬಿಟ್ಟುಹೋಯಿತು ಎಂದುಕೊಂಡು ಹಸುವಿನ ಹಾಲು ಹನಿಸಲು ಹೋಗುತ್ತಾರೆ. ಅದು ಆ ಮರಿಗೆ ಸೇರುವುದಿಲ್ಲ. ಮೂರು ವಾರಕ್ಕೆ ಮರಿ ಗೂಡಿನಿಂದ ಹೊರಬಂದು ಹುಲ್ಲು ಕಡಿಯುತ್ತದೆ, ಆದರೆ ಹಾಲಿನಿಂದ ಹುಲ್ಲಿಗೆ ಹೊಟ್ಟೆ ಒಗ್ಗಲು ಇನ್ನೂ ಕೆಲವು ವಾರ ಬೇಕು. ಎಂಟು ವಾರ ತಾಯಿಯ ಜತೆ ಬಿಡಬೇಕು ಎನ್ನುವುದು ಇದಕ್ಕೇ. ಅಂಗೈಯಲ್ಲಿ ಹಿಡಿಸುವ ಮರಿಯನ್ನು ತಂದವರ ಮನೆಯಲ್ಲಿ ಅದು ಭೇದಿಯಾಗಿ ಒಂದು ವಾರದಲ್ಲಿ ಸಾಯುವುದು ಮಗುವಿನ ತಪ್ಪಿನಿಂದಲ್ಲ, ಬಹಳ ಸಲ ಮಾರಿದವನ ಆತುರದಿಂದ. 2018ರ ನಿಯಮದ ಪ್ರಕಾರ ಸಾಕುಪ್ರಾಣಿ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಕೇಳಿ, ಸಂಕೋಚ ಬೇಡ.

ಎರಡನೆಯದು ಊಟ. ಕ್ಯಾರೆಟ್ ಎಂಬುದು ಚಿತ್ರದ ಪುಸ್ತಕದ ಮಾತು. ಅದರಲ್ಲಿ ಸಕ್ಕರೆ ಹೆಚ್ಚು, ಅಪರೂಪಕ್ಕೆ ಒಂದು ಚೂರು ಸಾಕು. ದಿನವಿಡೀ ಬೇಕಾದದ್ದು ಒಣಹುಲ್ಲು. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಜಗಿದರೆ ಮಾತ್ರ ಸವೆಯುತ್ತದೆ. ಬೆಳೆದ ಮೇಲೆ ಕೊತ್ತಂಬರಿಯಂಥ ಸೊಪ್ಪು ಸ್ವಲ್ಪಸ್ವಲ್ಪವಾಗಿ ಕೊಡಬಹುದು. ಅನ್ನ, ಚಪಾತಿ, ಬಿಸ್ಕತ್ತು ಬೇಡ. ಪಾಟರ್ ಅವರ ಬೆಣ್ಣೆ ಟೋಸ್ಟನ್ನೂ ಕಥೆಯಲ್ಲೇ ಬಿಡಿ. ಮೊಲ ತನ್ನದೇ ಮೆತ್ತನೆಯ ಹಿಕ್ಕೆಯನ್ನು ತಿನ್ನುವುದು ಕಂಡು ಹೇಸಬೇಡಿ, ಗದರಬೇಡಿ. ಹುಲ್ಲಿನ ಸತ್ವ ಎರಡನೆಯ ಸಲಕ್ಕೆ ದಕ್ಕಲಿ ಎಂದು ಪ್ರಕೃತಿ ಮಾಡಿದ ಏರ್ಪಾಡು ಅದು.

ಮೂರನೆಯದು ಬಿಸಿಲು. ಬಿಲದ ತಂಪಿನ ಪ್ರಾಣಿ ಇದು. ಬೆವರಲು ಬಾರದು, ಮೈಬಿಸಿಯನ್ನು ಹೆಚ್ಚಾಗಿ ಕಿವಿಯಿಂದಲೇ ಬಿಡಬೇಕು. 30 ಡಿಗ್ರಿ ದಾಟಿದರೆ ಕಷ್ಟ. ದೆಹಲಿಯ ಮೇ ತಿಂಗಳು, ಹೈದರಾಬಾದಿನ ಏಪ್ರಿಲ್, ಚೆನ್ನೈಯ ಸೆಕೆ ನಿಮಗೇ ಗೊತ್ತು. ಬಾಲ್ಕನಿಯ ಪಂಜರದಲ್ಲಿ ಇಟ್ಟು ಆಫೀಸಿಗೆ ಹೋಗುವುದೆಂದರೆ ಒಲೆಯ ಮೇಲೆ ಇಟ್ಟು ಹೋದಂತೆ.

ನಾಲ್ಕನೆಯದು ವೈದ್ಯರು. ಮೊಲವನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರು ಹತ್ತಿರದಲ್ಲಿ ಇದ್ದಾರೆಯೇ ಎಂದು ಮರಿ ತರುವ ಮೊದಲೇ ವಿಚಾರಿಸಿ. ಮೊಲ ನೋವನ್ನು ಮುಚ್ಚಿಟ್ಟುಕೊಳ್ಳುತ್ತದೆ, ಕಾಡಿನಲ್ಲಿ ನೋವು ತೋರಿಸಿದರೆ ಸಾವು. ಅರ್ಧ ದಿನ ಏನೂ ತಿನ್ನದಿದ್ದರೆ ಅದು ತುರ್ತು ಎಂದೇ ತಿಳಿಯಿರಿ. ನಮ್ಮ ಮನೆಯ ಔಷಧ ಕೊಡಲೇಬೇಡಿ. ಬಾಯಿಂದ ಕೊಡುವ ಪೆನಿಸಿಲಿನ್ ಜಾತಿಯ ಔಷಧ ಅದರ ಹೊಟ್ಟೆಯನ್ನೇ ಕೆಡಿಸಿ ಪ್ರಾಣ ತೆಗೆಯಬಲ್ಲದು. ಗಂಡು ಹೆಣ್ಣು ಜೋಡಿ ತಂದರೆ ನಾಲ್ಕೈದು ತಿಂಗಳಿಗೇ ಪ್ರಾಯಕ್ಕೆ ಬರುತ್ತವೆ, ಗರ್ಭ ಒಂದೇ ತಿಂಗಳು. ಆಸ್ಟಿನ್ನನ 24 ಮೊಲಗಳನ್ನು ನೆನಪಿಸಿಕೊಳ್ಳಿ, ಸಂತಾನಹರಣ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಿ.

ಕೊನೆಯದು ವರ್ಷಗಳ ಲೆಕ್ಕ. ಚೆನ್ನಾಗಿ ನೋಡಿಕೊಂಡ ಮೊಲ ಎಂಟರಿಂದ ಹನ್ನೆರಡು ವರ್ಷ ಬಾಳುತ್ತದೆ. ಇಂದು ಎರಡನೆಯ ಕ್ಲಾಸಿನಲ್ಲಿರುವ ಮಗಳು ಆಗ ಕಾಲೇಜಿನಲ್ಲಿರುತ್ತಾಳೆ. ನಡುವೆ ನಿಮಗೆ ಪುಣೆಯಿಂದ ದೆಹಲಿಗೆ ವರ್ಗವಾಗಬಹುದು. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಬೇಡವಾದರೆ ಪಾರ್ಕಿನಲ್ಲಿ ಬಿಟ್ಟರಾಯಿತು ಎಂದುಕೊಳ್ಳಬೇಡಿ. ಸಾಕಿದ ಮೊಲಕ್ಕೆ ನಾಯಿ, ಬೆಕ್ಕು, ಹದ್ದುಗಳಿಂದ ತಪ್ಪಿಸಿಕೊಳ್ಳಲು ಬಾರದು. ಬೀದಿಯಲ್ಲಿ ಅದು ಉಳಿಯುವುದು ಅಪರೂಪ.

ಇಷ್ಟೆಲ್ಲ ಕೇಳಿ ಬೇಡವಪ್ಪ ಎನಿಸಿತೇ? ಹಾಗೆನಿಸಿದ್ದರೆ ಅದೂ ಒಳ್ಳೆಯ ತೀರ್ಮಾನವೇ, ಮಗುವಿಗೆ ಕಾರಣ ತಿಳಿಸಿ ಹೇಳಿ. ಇಲ್ಲ, ಸಮಯ ಕೊಡುತ್ತೇವೆ, ಜಾಗ ಕೊಡುತ್ತೇವೆ ಎನ್ನುವವರು ಸಂತೋಷದಿಂದ ತನ್ನಿ. ಆದರೆ ಮಗುವಿನ ಹೆಸರಿನಲ್ಲಿ ತಂದರೂ ಜವಾಬ್ದಾರಿ ದೊಡ್ಡವರದು ಎಂದುಕೊಂಡು ತನ್ನಿ. ಎತ್ತಿಕೊಳ್ಳುವುದಕ್ಕಿಂತ ನೆಲದ ಮೇಲೆ ಅದರ ಪಕ್ಕ ಸುಮ್ಮನೆ ಕೂರುವುದನ್ನು ಮಗುವಿಗೆ ಕಲಿಸಿ. ಕೆಲವು ದಿನದ ಮೇಲೆ ಅದು ತಾನಾಗಿ ಬಂದು ಮೂಸುತ್ತದೆ. ಟೈನಿಯಂತೆ ಬಾರದೆಯೂ ಇರಬಹುದು, ಆಗ ಅದರ ಪಾಡಿಗೆ ಅದನ್ನು ಬಿಡಬೇಕು. ಔತಣದ ತಟ್ಟೆಯಿಂದ ನಿಮ್ಮ ಹಜಾರದವರೆಗೆ ಬರುವಷ್ಟರಲ್ಲಿ ಮೊಲ ಬಹಳ ಬದಲಾಗಿದೆ. ಇನ್ನು ಸ್ವಲ್ಪ ಬದಲಾಗಬೇಕಾದವರು ನಾವು.